ಅದೇ ಮೆಷಿನ್ನು, ಬೆರಳು ಬೇರೆ

ನಮ್ಮ ರೇಷ್ಮೆ ಚಾಕಿ ಕೇಂದ್ರದ ಕಂಪ್ಯೂಟರ್ ಸಾರ್ ಮುಂದಿನ ತಿಂಗಳು ಕೆಲಸ ಬಿಡುತ್ತಿದ್ದಾರೆ. ಕಣ್ಣು ಮಂಜಾಗಿದೆ, ಇನ್ನು ಆಗಲ್ಲ ಅಂದಿದ್ದಾರೆ. ರೈತರಿಗೆ ಹಂಚುವುದಕ್ಕೆ ಅವರ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿಸುತ್ತಾರಂತೆ. ಯಜಮಾನರು ನನ್ನ ಹತ್ತಿರ ಬಂದು, "ಅವರ ಜೊತೆ ಜಾಸ್ತಿ ವರ್ಷ ಇದ್ದೋನು ನೀನೇ, ಒಂದೆರಡು ಪುಟ ಬರಕೊಡಪ್ಪ" ಅಂದರು. ಕೊಡ್ತೀನಿ ಅಂದೆ. ಯಾರಾದರೂ ಕೇಳಲಿ ಅಂತಲೇ ಇಷ್ಟು ದಿನ ಕಾದಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಹನ್ನೊಂದು ವರ್ಷದಲ್ಲಿ ಆ ಮನುಷ್ಯ ನನ್ನನ್ನು ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದು ಗೊತ್ತಾದ ದಿನದಿಂದ ನಾನು ಅವರ ಬಾಯಲ್ಲಿ "ಸೆವೆಂತು". ಸೆವೆಂತು, ಬಾರಪ್ಪ ಇಲ್ಲಿ. ಸೆವೆಂತು, ಆ ಟ್ರೇ ಈ ಕಡೆ ಇಡು. ಹೊಸದಾಗಿ ಬಂದ ಆಳುಗಳು ಅದೇ ನನ್ನ ಹೆಸರು ಅಂದುಕೊಂಡು ಸೆವೆಂತಣ್ಣ ಅಂತ ಕರೆದದ್ದೂ ಉಂಟು. ಹನ್ನೊಂದು ವರ್ಷ ನಾನು ಹೆಸರಿಲ್ಲದೆ ಇದ್ದೆ. ಎರಡು ಪುಟ ಅವರೂ ಇರಲಿ.

ಮೊದಲು ಅವರ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಿಟ್ಟರೆ ಸುಳ್ಳಾಗುತ್ತದೆ. ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಆ ನೂಕುನುಗ್ಗಲಿನಲ್ಲಿ ನಿಂತು ಬಂದರೂ ಅವರ ಬಿಳೀ ಅರ್ಧ ತೋಳಿನ ಷರ್ಟಿನ ಇಸ್ತ್ರಿ ಮುರಿದಿರುತ್ತಿರಲಿಲ್ಲ. ಅಕ್ಷರ ಮುತ್ತಿನ ಹಾಗೆ. ಕೇಂದ್ರದಲ್ಲಿ ಯಾರ ಅರ್ಜಿಯಾದರೂ ಅವರೇ ಬರೆಯಬೇಕು. ಜೇಬಿನಲ್ಲಿ ಎರಡು ಪೆನ್ನು. ಒಂದು ಅವರದು, ಇನ್ನೊಂದು ಕೇಳಿದವರಿಗೆ ಕೊಡುವುದಕ್ಕೆ. ಟೈಪ್ ಮಾಡುವಾಗ ಕೀಲಿಮಣೆಯ ಕಡೆ ನೋಡುತ್ತಲೇ ಇರಲಿಲ್ಲ. ಹುಳುವಿನ ಜೊತೆ ರೈತರಿಗೆ ಕೊಡುವ ಚೀಟಿಯ ಪ್ರೋಗ್ರಾಮು ಅವರು ಒಬ್ಬರೇ ಕೂತು ಬರೆದದ್ದು. ಇವತ್ತಿಗೂ ಅದೇ ನಡೆಯುತ್ತಿದೆ.

ಕರ್ಚೀಫೂ ಎರಡು. ಒಂದು ಮುಖಕ್ಕೆ, ಇನ್ನೊಂದು ಕೀಲಿಮಣೆಗೆ. ನಾನು ಮೆಷಿನ್ನಿನ ಮುಂದಿನಿಂದ ಎದ್ದರೆ ಸಾಕು, ಎರಡನೇದನ್ನು ತೆಗೆದು ಒಂದೊಂದು ಕೀಲಿಯನ್ನೂ ಒರೆಸಿ ಆಮೇಲೆ ಕೂರುತ್ತಿದ್ದರು. ಕೇಳಿದರೆ, "ಸೊಪ್ಪಿನ ಹಾಲು ಕಣಪ್ಪ, ಕೀಲಿ ಅಂಟ್ಕೊಳ್ತವೆ" ಅನ್ನುವರು. ನಾನು ಮೂರು ಸಲ ಸೋಪು ಹಾಕಿ ಕೈ ತೊಳೆದು ಕೂರುತ್ತಿದ್ದೆ. ಸೊಪ್ಪು ಕತ್ತರಿಸುವ ಬೇರೆಯವರೂ ಅಲ್ಲಿ ಕೂತು ಟ್ರೇ ಲೆಕ್ಕ ಒತ್ತುತ್ತಿದ್ದರು. ಅವರಾದ ಮೇಲೆ ಕರ್ಚೀಫು ಹೊರಗೆ ಬಂದದ್ದು ನಾನು ಕಾಣೆ.

ಅವರದೊಂದು ಮಾತಿತ್ತು. ಯಾರಾದರೂ ಮೆಷಿನ್ನಿಗೆ ಹೆದರಿದರೆ, "ಮೆಷಿನ್ನು ಮನುಷ್ಯನ ಮುಖ ನೋಡಲ್ಲ ಕಣಪ್ಪ" ಅನ್ನುತ್ತಿದ್ದರು. ಕೇಳುವುದಕ್ಕೆ ಹಿತವಾದ ಮಾತು. ಸುಳ್ಳು ಮಾತು. ಮೆಷಿನ್ನು ಮುಖ ನೋಡುತ್ತದೆ, ಬಾಗಿಲಲ್ಲೇ ನಿಲ್ಲಿಸಿ ನೋಡುತ್ತದೆ ಅಂತ ನನಗೆ ಗೊತ್ತಾಗುವ ಹೊತ್ತಿಗೆ ಒಬ್ಬ ಹೆಂಗಸಿನ ಮೊದಲ ಬೆಳೆ ಹೋಗಿತ್ತು.

ರೇಷ್ಮೆ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಿಂದ ಎದ್ದ ಹುಳುವನ್ನು ನಾವು ಎರಡನೇ ಜ್ವರ ದಾಟುವ ತನಕ ಸಾಕಿ ರೈತರಿಗೆ ಕೊಡುತ್ತೇವೆ. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ತಿನ್ನುವುದು ಬಿಟ್ಟು, ತಲೆ ಎತ್ತಿ ಕೂತು, ಪೊರೆ ಕಳಚುವುದಕ್ಕೆ ನಮ್ಮಲ್ಲಿ ಹಾಗಂತಾರೆ. ಟ್ರೇ ಜೊತೆ ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಅವತ್ತಿನ ವಾರ, ತಾರೀಖು, ಮೂರನೇ ಜ್ವರಕ್ಕೆ ಹುಳು ಯಾವತ್ತು ಕೂರುತ್ತದೆ, ಯಾವತ್ತು ಸೊಪ್ಪು ನಿಲ್ಲಿಸಿ ಸುಣ್ಣ ಎರಚಬೇಕು, ಎಲ್ಲಾ ಇರುತ್ತದೆ. ತಾರೀಖನ್ನು ಮೆಷಿನ್ನೇ ಹಾಕುತ್ತದೆ, ಮುಂದಿನ ದಿನಗಳನ್ನು ಅದೇ ಎಣಿಸುತ್ತದೆ. ಕೊನೆಯ ಸಾಲಿನಲ್ಲಿ ಯಾರು ಚೀಟಿ ತೆಗೆದರೋ ಅವರ ಹೆಸರು.

ಹುಳು ಬಿಸಿಲು ತಡೆಯಲ್ಲ. ಹೊತ್ತು ಹುಟ್ಟುವ ಮುಂಚೆ ಸಾಗಿಸಬೇಕು. ಬೆಳಗಿನ ಜಾವ ಐದಕ್ಕೆಲ್ಲ ಶಿಡ್ಲಘಟ್ಟದ ಸುತ್ತಿನವರು, ಆಚೆ ಕಳವಾರದ ತನಕ, ಗಾಡಿ ತಂದು ನಿಲ್ಲಿಸಿರುತ್ತಾರೆ. ಸಾರ್ ಬರುವುದು ಹತ್ತಕ್ಕೆ. ಮೊದಲು ಹಿಂದಿನ ಸಾಯಂಕಾಲವೇ ಮಾರನೇ ದಿನದ ತಾರೀಖು ಒತ್ತಿ ಚೀಟಿ ತೆಗೆದಿಡುತ್ತಿದ್ದರು. ಗಾಡಿ ಹೆಚ್ಚಾದ ಮೇಲೆ ಅದು ಆಗಲಿಲ್ಲ. ಇವನಿಗೆ ಕಲಿಸಿಕೊಡಿ ಅಂತ ಯಜಮಾನರು ನನ್ನನ್ನು ತೋರಿಸಿದರು. ಸಾರ್‌ಗೆ ಮನಸ್ಸಿರಲಿಲ್ಲ. ಕಾಲು ಗಂಟೆಯಲ್ಲಿ ಕಲಿಸಿದರು. ನನಗೊಂದು ಲಾಗಿನ್ ಮಾಡಿ, ರಟ್ಟಿನ ಮೇಲೆ ನಾಲ್ಕು ಸಾಲು ಬರೆದುಕೊಟ್ಟರು. ಹೆಸರು ಒತ್ತು, ಪಾಸ್‌ವರ್ಡ್ ಒತ್ತು, ಚೀಟಿ ಅಂತ ಒತ್ತು, ರೈತರ ಹೆಸರು ಒತ್ತು. ಐದನೇ ಸಾಲೊಂದು ಇತ್ತು. ಅದನ್ನು ಬರೆಯಲಿಲ್ಲ.

ಒಂದು ತಿಂಗಳು ಚೀಟಿಯಲ್ಲಿ ಒಂದು ದಿನ ಹಿಂದಿನ ತಾರೀಖು ಬರುತ್ತಿತ್ತು. ಯಾರೂ ನೋಡಲಿಲ್ಲ. ಹಳೇ ರೈತರು ಚೀಟಿ ನೋಡಲ್ಲ, ಹುಳು ನೋಡುತ್ತಾರೆ. ನಾನೂ ನೋಡಲಿಲ್ಲ. ಅದು ನನ್ನ ತಪ್ಪು. ಈ ಕತೆಯಲ್ಲಿ ನನ್ನ ತಪ್ಪು ಅದೊಂದೇ.

ಕಳವಾರದಿಂದ ಬರುವ ರೈತ ಅಕ್ಕ ಒಬ್ಬರು ಚೀಟಿ ನೋಡಿದರು. ಟೊಮೇಟೊ ಬಿಟ್ಟು ಮೊದಲನೇ ಸಲ ಹಿಪ್ಪುನೇರಳೆ ಹಾಕಿ, ಮೊದಲನೇ ಬೆಳೆ ಇಟ್ಟಿದ್ದರು. ಚೀಟಿಯನ್ನು ಗೋಡೆಗೆ ಅಂಟಿಸಿಕೊಂಡು ಅದರ ಪ್ರಕಾರವೇ ಮಾಡಿದರು. ಅದು ಹೇಳಿದ ದಿನ ಸೊಪ್ಪು ನಿಲ್ಲಿಸಿ ಸುಣ್ಣ ಎರಚಿದರು. ಹುಳು ಇನ್ನೂ ಒಂದು ದಿನ ತಿನ್ನಬೇಕಿತ್ತು. ಹಸಿದ ಹುಳು ಒಂದು ಕೂತು, ಒಂದು ಎದ್ದು, ಹಾಸಿಗೆಯೆಲ್ಲ ಏರುಪೇರಾಯಿತು. ಅರ್ಧ ಸತ್ತವು. ಉಳಿದವು ಕಟ್ಟಿದ ಗೂಡು ಈರುಳ್ಳಿ ಸಿಪ್ಪೆಯ ಹಾಗೆ. ಅಕ್ಕ ಆ ಚೀಟಿ ಹಿಡಿದುಕೊಂಡು ಕೇಂದ್ರಕ್ಕೆ ಬಂದರು. ಕೊನೆಯ ಸಾಲಿನಲ್ಲಿ ನನ್ನ ಹೆಸರಿತ್ತು.

ಮಾರನೇ ದಿನ ಬೆಳಗಿನ ಜಾವ ಐದಕ್ಕೇ ಯಜಮಾನರು ಗಾಡಿ ಕಳಿಸಿ ಸಾರ್‌ನ ಕರೆಸಿದರು. ಅಷ್ಟೂ ಆಳುಗಳ ಮುಂದೆ, ಅಕ್ಕನ ಮುಂದೆ, ಪರೀಕ್ಷೆ. ನಾನು ಚೀಟಿ ತೆಗೆದೆ. ಹಿಂದಿನ ದಿನದ ತಾರೀಖು ಬಂತು. ಸಾರ್ ಎರಡನೇ ಕರ್ಚೀಫು ತೆಗೆದು ಕೀಲಿಮಣೆ ಒರೆಸಿ, ತಮ್ಮ ಲಾಗಿನ್ನಿನಲ್ಲಿ ತೆಗೆದರು. ಸರಿಯಾದ ತಾರೀಖು ಬಂತು. ಎರಡೂ ಚೀಟಿ ಅಕ್ಕಪಕ್ಕ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡ್ರಪ್ಪ. ಅದೇ ಮೆಷಿನ್ನು, ಅದೇ ಪ್ರಿಂಟರು. ಬೆರಳು ಬೇರೆ."

ಆಳುಗಳು ನಕ್ಕರು. ನಾನು ನನ್ನ ಬೆರಳು ನೋಡಿಕೊಂಡೆ. ಎಂಟು ವರ್ಷ ಗೂಡಿನಿಂದ ನೂಲು ತೆಗೆಯುವ ಫಿಲೇಚರಿನಲ್ಲಿ ಕುದಿಯೋ ನೀರಿಗೆ ಅದ್ದಿ ನೂಲಿನ ತುದಿ ಹುಡುಕಿದ ಬೆರಳು ಅವು. ಕಣ್ಣಿಗೆ ಕಾಣದ ಎಳೆ ಅವಕ್ಕೆ ಸಿಗುತ್ತಿತ್ತು.

ಸಾರ್ ಅಷ್ಟಕ್ಕೇ ಬಿಡಲಿಲ್ಲ. ಬರವಣಿಗೆಯಲ್ಲಿ ಇರಲಿ ಅಂದರು. ಎರಡನೇ ಪೆನ್ನು ನನ್ನ ಕೈಗೆ ಕೊಟ್ಟು ತಾವು ಹೇಳುತ್ತಾ ನನ್ನಿಂದ ಬರೆಸಿದರು: ನನಗೆ ವಿದ್ಯೆ ಸಾಲದ ಕಾರಣ ತಾರೀಖು ತಪ್ಪಾಗಿ ಬಂದಿರುತ್ತದೆ, ಇದಕ್ಕೆ ನಾನೇ ಹೊಣೆ. ವಿದ್ಯೆ ಅನ್ನುವುದಕ್ಕೆ ನಾನು ಒತ್ತು ಬಿಟ್ಟಿದ್ದೆ. ಅದನ್ನು ಕೆಂಪು ಇಂಕಿನಲ್ಲಿ ತಿದ್ದಿ, ನೋಟೀಸ್ ಬೋರ್ಡಿಗೆ ಚುಚ್ಚಿದರು. ಅಕ್ಕ ಯಜಮಾನರಿಗೆ ಒಂದೇ ಮಾತು ಹೇಳಿ ಹೊರಟರು. "ಇನ್ನೊಂದು ಸಲ ಆಯಪ್ಪನ ಕೈಯಿಂದ ಚೀಟಿ ಕೊಡಿಸಬ್ಯಾಡಿ ಅಣ್ಣ."

ಬೈದಿದ್ದರೆ ಮರೆಯುತ್ತಿದ್ದೆ. ಆ ಮಾತು ಮಾತ್ರ ಹೋಗಲಿಲ್ಲ.

ಅವತ್ತಿನಿಂದ ಚೀಟಿ ತೆಗೆದು, ತಪ್ಪು ತಾರೀಖನ್ನು ಹೊಡೆದುಹಾಕಿ, ಪೆನ್ನಿನಲ್ಲಿ ಸರಿ ತಾರೀಖು ಬರೆದು ಕೊಡುವುದು ನನ್ನ ಕೆಲಸವಾಯಿತು. ಬೋರ್ಡಿನ ಮೇಲೆ ನನ್ನ ಪತ್ರ, ಅದರ ಕೆಳಗೆ ನಾನು. ಬಂದ ರೈತರೆಲ್ಲ ಮೊದಲು ಅದನ್ನು ಓದಿ ಆಮೇಲೆ ನನ್ನ ಮುಖ ನೋಡುವರು.

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಫೋನಿನಲ್ಲಿ ಕಂಪ್ಯೂಟರ್ ಪಾಠದ ವಿಡಿಯೋ ಹಾಕಿಕೊಂಡು, ಅರ್ಥ ಆಗದ್ದನ್ನು ಹತ್ತು ಸಲ ನೋಡಿದೆ. ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ನನ್ನ ಲಾಗಿನ್ನಿನಲ್ಲಿ ಗಂಟೆ ಎಷ್ಟು ಅಂತ ಮೆಷಿನ್ನನ್ನು ಕೇಳಿದೆ. ನಾಲ್ಕೂವರೆ ಅಂತು. ನನಗೆ ಅಲ್ಲೇ ಎಲ್ಲ ಹೊಳೆಯಿತು. ಮೆಷಿನ್ನು ನನಗೆ ಇಂಗ್ಲೆಂಡಿನ ಗಂಟೆ ತೋರಿಸುತ್ತಿದೆ, ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಐದೂವರೆ ಆಗುವ ತನಕ ಅದರ ಪಾಲಿಗೆ ಅವತ್ತು ಇನ್ನೂ ನಿನ್ನೆಯೇ. ಐದೂವರೆ ದಾಟಿದರೆ ತಾರೀಖು ತಾನಾಗಿ ಸರಿಯಾಗುತ್ತದೆ. ಹತ್ತಕ್ಕೆ ಬರುವ ಆಫೀಸಿನವರಿಗೆ ಈ ತಪ್ಪು ಜನ್ಮದಲ್ಲಿ ಕಾಣುವುದಿಲ್ಲ. ಕೋಳಿ ಕೂಗುವ ಹೊತ್ತಿಗೆ ಚೀಟಿ ತೆಗೆಯುವ ನಮ್ಮಂಥವರಿಗೆ ಮಾತ್ರ ಕಾಣುತ್ತದೆ.

ಹಾಗಾದರೆ ಸಾರ್‌ಗೆ ಹೇಗೆ ಸರಿ ಬಂತು? ಅದನ್ನೂ ಕಲಿತೆ. ನಾವು ಲಾಗಿನ್ ಆಗುವಾಗ ಮೆಷಿನ್ನು ಮೊದಲು ಎಲ್ಲರಿಗೂ ಸೇರಿದ ಒಂದು ಫೈಲು ಓದುತ್ತದೆ. ಆಮೇಲೆ ಬಂದವನು ಯಾರು ಅಂತ ನೋಡಿ, ಅವನ ಸ್ವಂತ ಫೈಲು ಓದುತ್ತದೆ. ಅದರಲ್ಲಿ ಬರೆದ ಹಾಗೆ ಅವನಿಗೆ ಭಾಷೆ, ಗಂಟೆ, ಪ್ರೋಗ್ರಾಮುಗಳನ್ನು ಹುಡುಕುವ ದಾರಿ ಎಲ್ಲ ಕಟ್ಟಿಕೊಡುತ್ತದೆ. ಕೂತ ಮೇಲೆ ಬರೆದರೆ ಆಗುವುದಿಲ್ಲ. ಹೊರಗೆ ಹೋಗಿ ಮತ್ತೆ ಲಾಗಿನ್ ಆದಾಗಲೇ ಓದುವುದು. ಸಾರ್ ತಮ್ಮ ಫೈಲಿನಲ್ಲಿ ನಮ್ಮ ದೇಶದ ಗಂಟೆಯ ಒಂದು ಸಾಲು ಬರೆದುಕೊಂಡಿದ್ದರು. ಅದನ್ನು ಎಲ್ಲರ ಫೈಲಿಗೆ ಹಾಕಲಿಲ್ಲ. ನನ್ನದಕ್ಕೂ ಹಾಕಲಿಲ್ಲ. ರಟ್ಟಿನ ಮೇಲೆ ಬರೆಯದ ಐದನೇ ಸಾಲು ಅದು.

ಮರೆತಿರಬಹುದು ಅಂದುಕೊಂಡೆ. ಅಷ್ಟು ಒಳ್ಳೆಯವನಾಗಿದ್ದೆ ಆಗ. ಒಂದು ದಿನ ಮಧ್ಯಾಹ್ನ ಅವರ ಹತ್ತಿರ ಹೋಗಿ, "ಸಾರ್, ಪ್ರೊಫೈಲ್ ಅನ್ನೋ ಫೈಲಲ್ಲಿ ಗಂಟೆ ಸಾಲು ಬರೆದರೆ ತಾರೀಖು ಸರಿಹೋಗುತ್ತಾ?" ಅಂತ ಕೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕರು. "ಬರೆದು ನೋಡಪ್ಪ."

ಬರೆದೆ. ಮಾರನೇ ಬೆಳಗ್ಗೆ ಲಾಗಿನ್ ಆಗಿ ಚೀಟಿ ತೆಗೆದೆ. ಅದೇ ನಿನ್ನೆ ತಾರೀಖು. ಹತ್ತು ಗಂಟೆಗೆ ಬಂದ ಸಾರ್ ನಾನು ಹೇಳುವ ಮುಂಚೆಯೇ, "ಅದಕ್ಕೆಲ್ಲ ತಲೆ ಬೇಕಪ್ಪ, ಸೆವೆಂತು" ಅಂದರು. ನಾನು ಆ ಸಾಲನ್ನು ಅಕ್ಷರ ಅಕ್ಷರ ತಾಳೆ ನೋಡಿದೆ. ಅಳಿಸಿ ಮತ್ತೆ ಬರೆದೆ. ಇಪ್ಪತ್ತು ಸಲ ಬರೆದಿರಬಹುದು. ಬರಲಿಲ್ಲ. ಕೊನೆಗೆ ಅವರು ಹೇಳಿದ್ದೇ ನಿಜ ಅಂತ ನಂಬಿದೆ. ನನಗೆ ತಲೆ ಇಲ್ಲ, ನನ್ನ ಬೆರಳೇ ಬೇರೆ ಅಂತ. ಬೋರ್ಡಿನ ಪತ್ರವನ್ನು ಅವರು ಹೇಳಿ ಬರೆಸಿದ್ದರು. ಆ ಎರಡು ತಿಂಗಳು ಅದನ್ನು ನಾನೇ ಮನಸ್ಸಿನಲ್ಲಿ ಬರೆದುಕೊಂಡೆ. ಬೇರೆ ಏನನ್ನಾದರೂ ಕ್ಷಮಿಸಿಯೇನು. ಆ ಎರಡು ತಿಂಗಳನ್ನು ಕ್ಷಮಿಸುವುದಿಲ್ಲ.

ಆಮೇಲೆ ಒಂದು ದಿನ ಪ್ರಿಂಟರು ಕೆಟ್ಟು, ಅಲೀಪುರದಿಂದ ರಿಪೇರಿಯವರು ಬಂದರು. ಪರೀಕ್ಷೆಗೆ ಅಂತ ಚೀಟಿ ತೆಗೆದಾಗ ಮಾತು ತಾರೀಖಿಗೆ ತಿರುಗಿತು. ನಾನು ನಾಚಿಕೆ ಬಿಟ್ಟು ಎಲ್ಲ ಹೇಳಿದೆ. ಅವರು ನನ್ನ ಸಾಲು ಓದಿ, ಇದು ಸರಿಯಾಗೇ ಇದೆಯಲ್ಲ ಅಂದರು. ಫೈಲುಗಳ ಪಟ್ಟಿ ತೋರಿಸಿ ಅಂದಾಗ ಸಾರ್ ಕಲಿಸಿದ್ದ ಹಾಗೆ ಎಲ್ ಎಸ್, ಅಡ್ಡಗೆರೆ, ಎಲ್ ಅಂತ ಒತ್ತಿದೆ.

"ಅಷ್ಟೇ ಹಾಕಿದ್ರೆ ಚುಕ್ಕಿಯಿಂದ ಶುರುವಾಗೋ ಫೈಲು ಕಾಣಲ್ಲ ಭಾಯ್. ಒಂದು ಎ ಸೇರಿಸಿ."

ಸೇರಿಸಿದೆ. ಕಂಡವು. ಚುಕ್ಕಿ ಪ್ರೊಫೈಲ್, ನಾನು ಬರೆದದ್ದು. ಅದರ ಮೇಲೆ ಇನ್ನೊಂದು, ನಾನು ಬರೆಯದೇ ಇದ್ದದ್ದು: ಚುಕ್ಕಿ ಬ್ಯಾಶ್ ಪ್ರೊಫೈಲ್. ತೆಗೆದು ನೋಡಿದರೆ ಒಳಗೆ ಒಂದು ಅಕ್ಷರವೂ ಇಲ್ಲ. ಖಾಲಿ. ರಿಪೇರಿಯವರು ಬಿಡಿಸಿ ಹೇಳಿದರು. ನಮ್ಮ ಸ್ವಂತ ಫೈಲು ಅಂತ ಮೆಷಿನ್ನು ಮೂರು ಹೆಸರನ್ನು ಒಂದಾದ ಮೇಲೊಂದು ಹುಡುಕುತ್ತದಂತೆ. ಮೊದಲು ಸಿಕ್ಕಿದ್ದನ್ನು ಓದಿ ಅಲ್ಲಿಗೇ ನಿಲ್ಲಿಸುತ್ತದೆ, ಮುಂದಿನದರ ಕಡೆ ತಿರುಗಿಯೂ ನೋಡುವುದಿಲ್ಲ. ಚುಕ್ಕಿ ಬ್ಯಾಶ್ ಪ್ರೊಫೈಲ್ ಮೊದಲನೇದು, ಚುಕ್ಕಿ ಪ್ರೊಫೈಲ್ ಕೊನೇದು. ಮೊದಲನೇದು ಖಾಲಿ ಇದ್ದರೂ ಇದೆ ತಾನೆ, ಅಷ್ಟು ಸಾಕು. ನನ್ನ ಸಾಲನ್ನು ಅದು ಒಂದು ದಿನವೂ ಓದಿಯೇ ಇರಲಿಲ್ಲ.

"ಇದು ತಾನಾಗಿ ಹುಟ್ಟೋದಲ್ಲ, ಯಾರೋ ಬೇಕಂತ ಇಟ್ಟಿದಾರೆ" ಅಂತ ಅವರು ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದರು. ಫೈಲಿನ ಪಕ್ಕ ಅದು ಹುಟ್ಟಿದ ದಿನ ಇತ್ತು. ನಾನು ಸಾರ್‌ನ ಹೋಗಿ ಕೇಳಿದೆನಲ್ಲ, ಅದೇ ದಿನ, ಸಾಯಂಕಾಲ. ಇಟ್ಟವರ ಜಾಗದಲ್ಲಿ ರೂಟ್ ಅಂತ ಇತ್ತು. ಮೆಷಿನ್ನಿಗೇ ದೊಡ್ಡ ಲಾಗಿನ್ ಅದು. ಅದರ ಪಾಸ್‌ವರ್ಡು ಕೇಂದ್ರದಲ್ಲಿ ಒಬ್ಬರಿಗೇ ಗೊತ್ತಿದ್ದದ್ದು.

ಪಟ್ಟಿಯನ್ನು ಕಾಗದದ ಮೇಲೆ ತೆಗೆದು ಮಡಿಸಿ ಜೇಬಿಗಿಟ್ಟೆ. ಖಾಲಿ ಫೈಲು ಅಳಿಸಿದೆ. ಮಾರನೇ ಬೆಳಗ್ಗೆ ಸರಿ ತಾರೀಖಿನ ಚೀಟಿ ಬಂತು. ಯಾರಿಗೂ ಹೇಳಲಿಲ್ಲ. ಪೆನ್ನಿನಲ್ಲಿ ತಿದ್ದುವುದು ನಿಂತದ್ದನ್ನು ಯಾರೂ ಗಮನಿಸಲೂ ಇಲ್ಲ. ನನಗೆ ಸರಿಯಾದರೆ ಸಾಕಾಗಿರಲಿಲ್ಲ. ಅವರಿಗೆ ತಪ್ಪಾಗಬೇಕಿತ್ತು. ಅದೂ ಎಲ್ಲರ ಮುಂದೆ.

ಸಾರ್ ಹನ್ನೊಂದಕ್ಕೆ ಟೀಗೆ ಹೋಗುತ್ತಿದ್ದರು, ತಮ್ಮ ಲಾಗಿನ್ ಹಾಗೇ ಬಿಟ್ಟು. ಸೆವೆಂತು ಏನು ಮಾಡಿಯಾನು ಅನ್ನುವ ಧೈರ್ಯ. ನಾನು ಹೋಗಿ ಕೂತು ಅವರ ಫೈಲು ತೆಗೆದೆ. ಗಂಟೆಯ ಸಾಲು ಅಲ್ಲೇ ಇತ್ತು. ಅಳಿಸಲಿಲ್ಲ. ಆ ಸಾಲಿನ ತಲೆಯಲ್ಲಿ ಒಂದೇ ಒಂದು ಹ್ಯಾಷ್ ಗುರುತು ಹಾಕಿದೆ. ಅದಿದ್ದರೆ ಮೆಷಿನ್ನು ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತದೆ. ಎದ್ದು, ನನ್ನ ಕರ್ಚೀಫಿನಿಂದ ಕೀಲಿಮಣೆ ಒರೆಸಿದೆ. ಆಮೇಲೆ ಕಾದೆ.

ಹೆಚ್ಚು ಕಾಯಬೇಕಾಗಲಿಲ್ಲ. ಚಿಂತಾಮಣಿ ಕಡೆಯ ರೈತರು ಕೇಂದ್ರ ನೋಡುವುದಕ್ಕೆ ಬರುತ್ತೇವೆ ಅಂದರು. ಒಂದು ಮಂಗಳವಾರ ಬೆಳಗಿನ ಐದಕ್ಕೆ ಸಾರ್ ಕೂಡ ಇರಲೇಬೇಕು ಅಂದರು ಯಜಮಾನರು. ಅವತ್ತೇ ಕಳವಾರದ ಅಕ್ಕನಿಗೂ ಹುಳು. ಚೀಟಿ ಸಾರ್ ಅವರೇ ಕೊಡ್ತಾರೆ ಅಂತ ಮಾತು ಕೊಟ್ಟು ಅವರನ್ನು ಎರಡನೇ ಬೆಳೆಗೆ ಒಪ್ಪಿಸಿದ್ದರು. ನಾನು ಮುಂಚೆಯೇ ನನ್ನ ಲಾಗಿನ್ನಿನಲ್ಲಿ ಅಕ್ಕನ ಸರಿಯಾದ ಚೀಟಿ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೆ. ನನ್ನ ಹಗೆಗೆ ಅವರ ಹುಳು ಇನ್ನೊಂದು ಸಲ ಹಸಿಯಬಾರದು.

ಸಾರ್ ಕೂತರು, ಲಾಗಿನ್ ಆದರು, ಕೀಲಿ ನೋಡದೆ ಟೈಪ್ ಮಾಡಿದರು, ಚೀಟಿ ಹರಿದು ಅಕ್ಕನ ಕೈಗೆ ಕೊಟ್ಟರು. ಒಂದು ಬೆಳೆ ಕಳಕೊಂಡ ಮೇಲೆ ಅಕ್ಕ ಚೀಟಿಯನ್ನು ಸುಮ್ಮನೆ ತೆಗೆದುಕೊಳ್ಳುವವರಲ್ಲ. ದೀಪದ ಕೆಳಗೆ ಹಿಡಿದು ಓದಿದರು.

"ಇವತ್ತು ಮಂಗಳವಾರ ಅಲ್ವಾ ಸಾರ್? ಇದ್ರಾಗೆ ಸೋಮವಾರ ಅಂತ ಐತೆ."

ಚಿಂತಾಮಣಿಯವರಲ್ಲಿ ಒಬ್ಬರು ಪಕ್ಕದವರಿಗೆ ತೆಲುಗಿನಲ್ಲಿ "ಮಂಗಳವಾರಂ ಕದಾ?" ಅಂದದ್ದು ಎಲ್ಲರಿಗೂ ಕೇಳಿಸಿತು. ಸಾರ್ ಇನ್ನೊಂದು ಚೀಟಿ ತೆಗೆದರು. ಸೋಮವಾರ. ಮೂರನೇದು. ಸೋಮವಾರ. ಕತ್ತಿನ ಪಟ್ಟಿಯ ಹತ್ತಿರ ಬಿಳೀ ಷರ್ಟು ಒದ್ದೆಯಾಯಿತು. ನಾನು ಸ್ವಲ್ಪ ಸರೀರಿ ಸಾರ್ ಅಂತ ಹೇಳಿ, ಅವರನ್ನು ಲಾಗೌಟ್ ಮಾಡಿಸಿ, ನನ್ನ ಲಾಗಿನ್ನಿನಲ್ಲಿ ಚೀಟಿ ತೆಗೆದೆ. ಮಂಗಳವಾರ. ಎರಡೂ ಚೀಟಿ ಅಕ್ಕಪಕ್ಕ ಹಿಡಿದೆ.

"ಅದೇ ಮೆಷಿನ್ನು, ಅದೇ ಪ್ರಿಂಟರು ಸಾರ್. ಬೆರಳು ಬೇರೆ."

ಈ ಸಲ ಯಾರೂ ನಗಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಯಜಮಾನರಿಗೆ ಖಾಲಿ ಫೈಲು ತೋರಿಸಿದೆ. ಹುಟ್ಟಿದ ದಿನ ತೋರಿಸಿದೆ. ರೂಟ್ ಅಂದರೆ ಯಾರು ಅಂತ ಸಾರ್‌ನೇ ಕೇಳಿ ಅಂದೆ. ಕೇಳಿದರು. ಸಾರ್ ಕನ್ನಡಕ ತೆಗೆದು ಒರೆಸುತ್ತಾ, ಅವನು ಎಲ್ಲದರಲ್ಲೂ ಕೈ ಹಾಕುತ್ತಾನೆ ಅಂತ ಭಯಕ್ಕೆ ಹಾಗೆ ಮಾಡಿದೆ ಅಂದರು. ಏನು ಭಯ ಅಂತ ಯಜಮಾನರು ಮತ್ತೆ ಕೇಳಿದರು. ಸಾರ್ ಕನ್ನಡಕ ಹಾಕಿಕೊಂಡು ಪ್ರಿಂಟರಿನ ಕಡೆ ತಿರುಗಿದರು. ನಾನು ಅವರ ಜೇಬಿನಿಂದಲೇ ಎರಡನೇ ಪೆನ್ನು ತೆಗೆದು ಅವರ ಮುಂದೆ ಇಟ್ಟೆ. ನಾನು ಹೇಳಿದೆ, ಅವರು ಬರೆದರು: ನನಗೆ ಮನಸ್ಸು ಸಾಲದ ಕಾರಣ ತಾರೀಖು ತಪ್ಪಾಗಿ ಬಂದಿರುತ್ತದೆ, ಇದಕ್ಕೆ ನಾನೇ ಹೊಣೆ. ಮುತ್ತಿನಂಥ ಅಕ್ಷರ. ತಿದ್ದುವುದಕ್ಕೆ ಏನೂ ಇರಲಿಲ್ಲ. ಅದೊಂದು ಕೊರತೆ ಉಳಿದುಹೋಯಿತು.

ಅಕ್ಕ ಸೋಮವಾರದ ಚೀಟಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ಕೈ ಚಾಚಿದರು. "ಕೊಡಪ್ಪ ಇತ್ಲಾಗೆ ನಿಂದು."

ಗಾಡಿಗಳೆಲ್ಲ ಹೋದ ಮೇಲೆ ಸಾರ್ ತಮ್ಮ ಫೈಲು ತೆಗೆದು ನೋಡುತ್ತಿದ್ದರು. ಹ್ಯಾಷ್ ಕಂಡಿತು. ತಿರುಗದೆಯೇ ಕೇಳಿದರು, ಇದನ್ನು ಯಾರು ಹೇಳಿಕೊಟ್ಟರು ಅಂತ. ಯಾರೂ ಇಲ್ಲ, ನಾನೇ ಕಲಿತೆ ಅಂದೆ. ಆ ಸಾಲಿನ ಮೇಲೆ ಬೆರಳಿಟ್ಟು, "ಸರಿಯಾಗಿ ಹಾಕಿದೀಯ" ಅಂದರು. ಆ ಮಾತು ಕೇಳಿ ನನಗೆ ಸಂತೋಷವಾಯಿತು. ಆ ಮನುಷ್ಯನ ಬಾಯಿಂದ ಬಂದ ಒಂದು ಮಾತಿಗೆ ಸಂತೋಷಪಟ್ಟೆನಲ್ಲ ಅಂತ ಅವರ ಮೇಲೆ ಕೋಪ ಇನ್ನೂ ಹೆಚ್ಚಾಯಿತು. ಇವತ್ತಿಗೂ ಇಳಿದಿಲ್ಲ. ಅವರು ಎರಡನೇ ಕರ್ಚೀಫು ತೆಗೆದು, ಕೀಲಿಮಣೆ ಒರೆಸಿ, ಕೆಲಸಕ್ಕೆ ಕೂತರು.

ರೂಟ್ ಪಾಸ್‌ವರ್ಡನ್ನು ಯಜಮಾನರು ಅವತ್ತೇ ನನಗೆ ಕೊಡಿಸಿದರು. ನಾನು ಮಾಡಿದ ಮೊದಲ ಕೆಲಸ ಆ ಗಂಟೆಯ ಸಾಲನ್ನು ಎಲ್ಲರಿಗೂ ಸೇರಿದ ಫೈಲಿಗೆ ಹಾಕಿದ್ದು. ಈಗ ನಮ್ಮಲ್ಲಿ ಐದು ಲಾಗಿನ್ ಇವೆ. ಯಾರು ಕೂತರೂ, ಎಷ್ಟು ಹೊತ್ತಿಗೆ ಕೂತರೂ, ಅವತ್ತು ಅವತ್ತೇ. ಸಾರ್‌ನ ಲಾಗಿನ್ನಿಗೂ ಅಲ್ಲಿಂದಲೇ ಗಂಟೆ ಸಿಗುತ್ತಿದೆ, ನಾಲ್ಕು ವರ್ಷದಿಂದ. ಅವರ ಸ್ವಂತ ಸಾಲಿನ ಮೇಲಿನ ಹ್ಯಾಷನ್ನು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ನನ್ನ ಪತ್ರ ಬೋರ್ಡಿನ ಮೇಲೆ ತೊಂಬತ್ತೊಂದು ದಿನ ಇತ್ತು. ನಾನು ಎಣಿಸಿದ್ದೇನೆ. ಅದನ್ನು ಕಿತ್ತು, ಅದೇ ಗುಂಡುಪಿನ್ನಿನಿಂದ ಅವರದನ್ನು ಚುಚ್ಚಿದೆ. ಅದಕ್ಕೂ ತೊಂಬತ್ತೊಂದು ದಿನ ತುಂಬಿದಾಗ ಯಜಮಾನರು ಬಂದು, ಸಾಕು, ಇನ್ನು ತೆಗೆದುಬಿಡಪ್ಪ ಅಂದರು. ನಾಳೆ ತೆಗೀತೀನಿ ಅಂದೆ. ಒಂದು ದಿನ ಹೆಚ್ಚಿಗೆ ಯಾಕೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಪುಸ್ತಕದಲ್ಲಿ ಸಾರ್ ಓದಿಕೊಳ್ಳಲಿ. ಆ ಒಂದು ದಿನ, ಕಳವಾರದ ಅಕ್ಕನ ಹುಳು ಸೊಪ್ಪಿಲ್ಲದೆ ತಲೆ ಎತ್ತಿ ಕಾದ ದಿನ.